ತೋಟದ ಮನೆಯಲ್ಲಿ ನಾಟಿ ಕೋಳಿ: ನಿಜಕ್ಕೂ ಕೈಯಲ್ಲಿ ಉಳಿಯುವುದೆಷ್ಟು?

ಪಾಂಡವಪುರದ ತೋಟದವ

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಬಳಿ ನಮ್ಮದು ಎರಡು ಎಕರೆ ನೀರಾವರಿ ಜಮೀನು. ಒಂದು ಭಾಗದಲ್ಲಿ ಹಳೆಯ ತೆಂಗಿನ ತೋಟ, ಮಿಕ್ಕದ್ದರಲ್ಲಿ ಕಬ್ಬು ಮತ್ತು ಮನೆ ಖರ್ಚಿಗಾಗುವಷ್ಟು ರಾಗಿ. ಎರಡು ಹಸುಗಳಿವೆ, ದೊಡ್ಡ ತಿಪ್ಪೆಯಿದೆ, ಮನೆ ತೋಟದೊಳಗೇ ಇದೆ. ನಾನು ಮೈಸೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ; ಹಗಲು ಮನೆಯಲ್ಲಿರುವವರು ತಂದೆ, ತಾಯಿ ಮತ್ತು ನನ್ನ ಪತ್ನಿ.

ಕೋಳಿಗಳನ್ನು ಕಟ್ಟಿಹಾಕದೆ ತೋಟದಲ್ಲಿ ಬಿಟ್ಟು ಸಾಕಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಮೊಬೈಲಿನಲ್ಲಿ ನೋಡುವ ವಿಡಿಯೊಗಳಲ್ಲಿ ಇನ್ನೂರು ನಾಟಿ ಕೋಳಿಯಿಂದ ತಿಂಗಳಿಗೆ ಇಷ್ಟು ಲಕ್ಷ ಎಂದು ಹೇಳುವವರಿದ್ದಾರೆ. ನಮ್ಮ ತಾಯಿಯವರು ಮಾತ್ರ ಕೋಳಿ ಸಾಕಿ ಮನೆ ಕಟ್ಟಿದವರನ್ನು ತಾವು ಕಂಡಿಲ್ಲವೆಂದು ನಗುತ್ತಾರೆ. ಇನ್ನೂರು ಕೋಳಿಗಳಿಂದ ಆರಂಭಿಸುವುದು ಸರಿಯೇ, ಯಾವ ತಳಿ ಸೂಕ್ತ, ಖರ್ಚು ಕಳೆದು ಎಷ್ಟು ಉಳಿಯಬಹುದು, ತೆಂಗಿನ ತೋಟಕ್ಕೆ ಇದರಿಂದ ಪ್ರಯೋಜನವಿದೆಯೇ ಎಂಬುದನ್ನು ಸಾಕಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಮಳವಳ್ಳಿ ಕಡೆಯ ಅಕ್ಕ

ತಮ್ಮಾ, ನಿಮ್ಮ ತಾಯಿಯವರ ಮಾತನ್ನು ತಳ್ಳಿಹಾಕಬೇಡಿ. ಹಾಗೆಂದು ಆಸೆಯನ್ನೂ ಬಿಡಬೇಡಿ. ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದಲೂ ಕೋಳಿಗಳಿವೆ. ನಾಟಿ ಕೋಳಿ ಲಾಭ ಕೊಡುವುದು ಅದು ಕಡಿಮೆ ತಿನ್ನುತ್ತದೆ ಎಂಬ ಕಾರಣಕ್ಕಲ್ಲ. ನಮಗೆ ಬೇಡವಾದದ್ದನ್ನು ತಿನ್ನುತ್ತದೆ ಎಂಬ ಕಾರಣಕ್ಕೆ. ಕಣದಲ್ಲಿ ಚೆಲ್ಲಿದ ರಾಗಿ, ಮುಸುರೆಯ ಅನ್ನ, ತಿಪ್ಪೆಯ ಹುಳು, ಬದುವಿನ ಹುಲ್ಲು, ಗೆದ್ದಲು, ಹಸುವಿನ ಗೊಂತಿನ ಕೆಳಗೆ ಉದುರಿದ ಬೂಸಾ, ಇವೆಲ್ಲ ಮೊಟ್ಟೆಯಾಗುವುದೇ ಇದರ ಗುಟ್ಟು. ಆದರೆ ಒಂದು ಮನೆಯಲ್ಲಿ ಇಂಥ ಬಿಟ್ಟಿ ಆಹಾರಕ್ಕೆ ಒಂದು ಮಿತಿಯಿದೆ. ನೀವು ಹೇಳಿದ ಎರಡು ಹಸು, ಒಂದು ತಿಪ್ಪೆ, ಒಂದು ತೆಂಗಿನ ತೋಟ ಇಪ್ಪತ್ತೈದು ಮೂವತ್ತು ದೊಡ್ಡ ಕೋಳಿಗಳ ಹೊಟ್ಟೆಯನ್ನು ಬಹುಮಟ್ಟಿಗೆ ತುಂಬಬಹುದು. ಇನ್ನೂರು ತಂದರೆ ಮೊದಲ ತಿಂಗಳಿನಲ್ಲೇ ತಿಪ್ಪೆ ಬರಿದಾಗಿ, ಬದು ಬೋಳಾಗಿ, ಅಂಗಡಿಯ ಮೂಟೆಯೇ ಗತಿಯಾಗುತ್ತದೆ. ಆಗ ಅದು ಫಾರಂ ಆಗುತ್ತದೆ. ಫಾರಂ ಆದಮೇಲೆ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮೊಟ್ಟೆಯಿಡುವ ಬಿಳಿ ಕೋಳಿಯ ಎದುರು ಅರುವತ್ತು ಎಪ್ಪತ್ತು ಮೊಟ್ಟೆಯಿಡುವ ನಾಟಿ ಹೇಂಟೆ ಗೆಲ್ಲುವುದು ಹೇಗೆ?

ಹತ್ತು ಹೇಂಟೆ, ಒಂದೆರಡು ಹುಂಜ ಸಾಕು. ಹೇಂಟೆಗಳನ್ನು ಸಂತೆಯಲ್ಲಿ ಕೊಳ್ಳಬೇಡಿ. ಪರಿಚಯದ ಮನೆಯಲ್ಲಿ, ಕಾವು ಕೂತು ಮರಿ ಮಾಡಿಸಿದ ಹೇಂಟೆಯನ್ನೇ ನೋಡಿ ತನ್ನಿ. ಚೆನ್ನಾಗಿ ಕಾವು ಕೂರುವುದೂ ಮರಿಗಳನ್ನು ಕಾಯುವುದೂ ಎಲ್ಲ ಹೇಂಟೆಗೂ ಬರುವುದಿಲ್ಲ. ಹದ್ದು ಇಳಿದರೆ ಮೈಯುಬ್ಬಿಸಿಕೊಂಡು ಎದುರು ಹಾರುವ ಹೇಂಟೆಯೂ ಇದೆ, ಮರಿಗಳನ್ನು ಬಿಟ್ಟು ತಾನೇ ಬೇಲಿಗೆ ನುಗ್ಗುವ ಹೇಂಟೆಯೂ ಇದೆ. ಒಂದು ಹೇಂಟೆಯ ಕೆಳಗೆ ಹತ್ತರಿಂದ ಹನ್ನೆರಡು ಮೊಟ್ಟೆ ಇಡಿ, ಅದಕ್ಕಿಂತ ಹೆಚ್ಚಾದರೆ ಅಂಚಿನ ಮೊಟ್ಟೆಗಳಿಗೆ ಕಾವು ತಗಲುವುದಿಲ್ಲ. ಏಳನೆಯ ದಿನ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿ, ಒಳಗೆ ರಕ್ತನಾಳ ಕಾಣದ ಮೊಟ್ಟೆಯನ್ನು ತೆಗೆದುಬಿಡಿ. ಇಪ್ಪತ್ತೊಂದನೆಯ ದಿನಕ್ಕೆ ಮರಿಗಳು ಹೊರಬರುತ್ತವೆ.

ನಿಜವಾದ ಪರೀಕ್ಷೆ ಅಲ್ಲಿಂದ ಶುರು. ಹನ್ನೆರಡು ಮರಿಗಳೊಂದಿಗೆ ತಿರುಗುವ ಹೇಂಟೆಯನ್ನು ತಿಂಗಳ ನಂತರ ನೋಡಿದರೆ ಹಿಂದೆ ನಾಲ್ಕೋ ಐದೋ ಉಳಿದಿರುತ್ತವೆ. ಕಾಗೆ, ಹದ್ದು, ಮುಂಗುಸಿ, ಬೆಕ್ಕು, ಮಳೆ, ಎಲ್ಲಕ್ಕೂ ಪಾಲು ಹೋಗಿರುತ್ತದೆ. ನಮ್ಮ ಊರಿನಲ್ಲಿ ಇದನ್ನು ಎಲ್ಲರೂ ಹಣೆಬರಹವೆಂದೇ ತಿಳಿದಿದ್ದಾರೆ. ತಾಯಿಯನ್ನೂ ಮರಿಗಳನ್ನೂ ಮೊದಲ ಐದಾರು ವಾರ, ಸುತ್ತಲೂ ತಲೆಯ ಮೇಲೂ ಬಲೆಯಿರುವ ಒಂದು ಸಣ್ಣ ಆವರಣದಲ್ಲಿ ಇಟ್ಟು ನೋಡಿ. ಹಣೆಬರಹ ಎಷ್ಟು ಬದಲಾಗುತ್ತದೆ ಎಂದು ನಿಮಗೇ ತಿಳಿಯುತ್ತದೆ.

ಲೆಕ್ಕ ಬರೆಯುವವ, ಮೈಸೂರು

ಅಕ್ಕನವರ ಕೊನೆಯ ಮಾತನ್ನು ಅಂಕಿಗಳಲ್ಲಿ ಹೇಳಲು ಪ್ರಯತ್ನಿಸುತ್ತೇನೆ. ನಾನು ವೃತ್ತಿಯಿಂದ ಲೆಕ್ಕಪತ್ರದವನು. ಕೆಳಗಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಓದುವವರು ತಮ್ಮ ಊರಿನ ದರಗಳನ್ನು ಹಾಕಿಕೊಂಡು ನೋಡಬೇಕು.

10 ಹೇಂಟೆ, 2 ಹುಂಜ ಎಂದಿಟ್ಟುಕೊಳ್ಳೋಣ. ಹೇಂಟೆಗೆ ವರ್ಷಕ್ಕೆ 60 ಮೊಟ್ಟೆಯಂತೆ 600 ಮೊಟ್ಟೆ. ಅದರಲ್ಲಿ ಅರ್ಧ, ಎಂದರೆ 300 ಮೊಟ್ಟೆಯನ್ನು ತಲಾ 12 ರೂಪಾಯಿಗೆ ಮಾರಿದರೆ 3,600 ರೂಪಾಯಿ. ಉಳಿದ 300ನ್ನು ಕಾವಿಗೆ ಇಟ್ಟು, ಹತ್ತಕ್ಕೆ ಎಂಟರಂತೆ ಒಡೆದರೆ 240 ಮರಿ. ಇಲ್ಲಿಂದ ಎರಡು ದಾರಿ. ನಮ್ಮ ಹಳ್ಳಿಗಳಲ್ಲಿ ಕಾಣುವಂತೆ ನೂರಕ್ಕೆ ನಲವತ್ತು ಮರಿ ಮಾತ್ರ ಉಳಿದರೆ 96 ಕೋಳಿ. ಬಲೆ, ಲಸಿಕೆ, ಎಚ್ಚರಿಕೆಗಳಿಂದ ನೂರಕ್ಕೆ ಎಪ್ಪತ್ತೈದು ಉಳಿಸಿಕೊಂಡರೆ 180 ಕೋಳಿ. ಐದು ತಿಂಗಳಿಗೆ ಜೀವಂತ ಕೋಳಿಯೊಂದನ್ನು 400 ರೂಪಾಯಿಗೆ ಮಾರಿದರೆ ಮೊದಲನೆಯದು 38,400, ಎರಡನೆಯದು 72,000. ಒಂದೊಂದು ಕೋಳಿಗೂ ಐದು ತಿಂಗಳಲ್ಲಿ ಸುಮಾರು 5 ಕಿಲೋ ಮೇಲುಮೇವು, ಕಿಲೋಗೆ 25 ರೂಪಾಯಿಯಂತೆ 125 ರೂಪಾಯಿ ಕಳೆದರೆ ಉಳಿಯುವುದು ಕ್ರಮವಾಗಿ 26,400 ಮತ್ತು 49,500. ವ್ಯತ್ಯಾಸ 23,100 ರೂಪಾಯಿ, ಇದು ಮರಿ ಉಳಿಸಿದ್ದಕ್ಕೆ ಮಾತ್ರ ಸಿಕ್ಕಿದ ಹಣ. ಇದಕ್ಕೆ ಹೋಲಿಸಿ: ಮೊಟ್ಟೆಯ ದರ 10ರಿಂದ 15 ರೂಪಾಯಿಗೆ ಏರಿದರೆ 300 ಮೊಟ್ಟೆಗೆ ಹೆಚ್ಚುವರಿಯಾಗಿ ಸಿಗುವುದು ಬರೀ 1,500. ಹಾಗಿದ್ದೂ ಜನರು ವಾದಿಸುವುದೆಲ್ಲ ಮೊಟ್ಟೆಯ ದರದ ಮೇಲೆಯೇ.

ಇನ್ನು ದೊಡ್ಡ ಕೋಳಿಗಳ ಮೇವು. 12 ಕೋಳಿಗೆ ದಿನಕ್ಕೆ 40 ಗ್ರಾಂನಂತೆ ವರ್ಷಕ್ಕೆ 175 ಕಿಲೋ, ಸುಮಾರು 4,380 ರೂಪಾಯಿ. ಲಸಿಕೆ, ಜಂತುಹುಳುವಿನ ಔಷಧಿ, ಬಲೆ ರಿಪೇರಿಗೆ 2,000 ಎಂದುಕೊಂಡರೆ ಮೊಟ್ಟೆಯ ಹಣವನ್ನೂ ಸೇರಿಸಿ ಕೈಯಲ್ಲಿ ಉಳಿಯುವುದು ಮೊದಲ ದಾರಿಯಲ್ಲಿ 23,620, ಎರಡನೆಯದರಲ್ಲಿ 46,720.

ಇಲ್ಲಿಗೆ ವಿಡಿಯೊ ಮಾಡುವವರು ಲೆಕ್ಕ ನಿಲ್ಲಿಸುತ್ತಾರೆ, ನಾನು ನಿಲ್ಲಿಸುವುದಿಲ್ಲ. ಬಾಗಿಲು ತೆಗೆಯುವುದು, ನೀರಿಡುವುದು, ಗುಡಿಸುವುದು, ಮೊಟ್ಟೆ ಹುಡುಕುವುದು, ಸಂಜೆ ಎಣಿಸಿ ಮುಚ್ಚುವುದು, ಇವಕ್ಕೆ ದಿನಕ್ಕೆ ಒಂದು ಗಂಟೆಯಾದರೂ ಬೇಕು. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ರೂಪಾಯಿಗೆ ಸ್ವಲ್ಪ ಮೇಲೆ. ವರ್ಷಕ್ಕೆ ಇದು 16,900ರ ಹತ್ತಿರ. ಅದನ್ನೂ ಕಳೆದರೆ ಮೊದಲ ದಾರಿಯಲ್ಲಿ ಏಳು ಸಾವಿರವೂ ಉಳಿಯುವುದಿಲ್ಲ, ಎರಡನೆಯದರಲ್ಲಿ ಮೂವತ್ತು ಸಾವಿರದ ಹತ್ತಿರ ಉಳಿಯುತ್ತದೆ. ಮನೆಯ ಹೆಣ್ಣುಮಕ್ಕಳ ದುಡಿಮೆಯನ್ನು ಸೊನ್ನೆಯೆಂದು ಬರೆದುಕೊಂಡು ಲಾಭ ತೋರಿಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಹುಣಸೂರು ರಸ್ತೆಯ ಗಿರಿರಾಜದವರು

ಲೆಕ್ಕದ ಸರ್ ಅವರು ನಾಟಿಯೊಂದನ್ನೇ ಹಿಡಿದುಕೊಂಡಿದ್ದಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಕಾಲದಲ್ಲಿ ಹೊರತಂದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ, ಹೆಸರಘಟ್ಟದ ಕೇಂದ್ರೀಯ ಸಂಸ್ಥೆಯ ಕಾವೇರಿ, ಹೈದರಾಬಾದಿನ ವನರಾಜ ಮತ್ತು ಗ್ರಾಮಪ್ರಿಯ, ಇವೆಲ್ಲವೂ ಹಿತ್ತಲಿನಲ್ಲಿ ಬಿಟ್ಟು ಸಾಕಲೆಂದೇ ಮಾಡಿದ ತಳಿಗಳು. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ, ನಾಟಿ ಐದು ತಿಂಗಳಿಗೆ ಮುಟ್ಟುವ ತೂಕವನ್ನು ಅರ್ಧ ಸಮಯದಲ್ಲಿ ಮುಟ್ಟುತ್ತದೆ. ಬಣ್ಣವೂ ನಾಟಿಯಂತೆಯೇ ಇರುವುದರಿಂದ ಕೊಳ್ಳುವವರೂ ಬೇಡವೆನ್ನುವುದಿಲ್ಲ. ಲಾಭ ಬೇಕಾದವರು ಇದನ್ನು ಬಿಟ್ಟು ಬೇರೆಯದನ್ನು ಏಕೆ ನೋಡಬೇಕು?

ಮಳವಳ್ಳಿ ಕಡೆಯ ಅಕ್ಕ

ಅಣ್ಣಾ, ನಾನೂ ಗಿರಿರಾಜ ಸಾಕಿದ್ದೇನೆ, ಒಳ್ಳೆಯ ಕೋಳಿ. ಆದರೆ ಅದು ಕಾವು ಕೂರುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಹೊರಗಿನಿಂದ ಮರಿ ತರಬೇಕು. ಮನೆಯಲ್ಲಿಯೇ ಮರಿ ಮಾಡಿಸಿದರೆ ಮುಂದಿನ ಪೀಳಿಗೆಗೆ ಆ ಬಿರುಸು ಉಳಿಯುವುದಿಲ್ಲ. ಮೈ ಭಾರವಾದ್ದರಿಂದ ನಾಯಿ ಅಟ್ಟಿಸಿಕೊಂಡು ಬಂದರೆ ಮರವೇರಿ ಕೂರಲಾರದು. ನಾಟಿ ಹಾರಿ ತೆಂಗಿನ ಗರಿಯ ಮೇಲೆ ಕೂತಿರುತ್ತದೆ. ಸ್ವರ್ಣಧಾರ ಈ ವಿಷಯದಲ್ಲಿ ಸ್ವಲ್ಪ ಹಗುರ. ಮೊಟ್ಟೆಯೇ ಮುಖ್ಯವೆನ್ನುವವರಿಗೆ ಹತ್ತು ಸ್ವರ್ಣಧಾರ ಅಥವಾ ಗ್ರಾಮಪ್ರಿಯ, ಜೊತೆಗೆ ಕಾವಿಗೆಂದು ನಾಲ್ಕು ನಾಟಿ ಹೇಂಟೆ, ಹೀಗೆ ಬೆರೆಸಿ ಸಾಕಬಹುದು.

ಇನ್ನೊಂದು ಮಾತು. ಬಣ್ಣದ ಫಾರಂ ಕೋಳಿಯನ್ನು ನಾಟಿಯೆಂದು ಹೇಳಿ ಮಾರುವುದು ನನಗೆ ಸರಿ ಕಾಣುವುದಿಲ್ಲ. ಮಂಡ್ಯದವರ ನಾಲಿಗೆಗೆ ಮುದ್ದೆಯ ಜೊತೆಗಿನ ಸಾರಿನಲ್ಲಿ ಅದು ಎರಡನೆಯ ತುತ್ತಿಗೇ ಗೊತ್ತಾಗುತ್ತದೆ. ಒಮ್ಮೆ ಮೋಸಹೋದವರು ಮತ್ತೆ ನಮ್ಮ ಮನೆಯ ಬಾಗಿಲಿಗೆ ಬರುವುದಿಲ್ಲ.

ನಿವೃತ್ತ ಪಶುವೈದ್ಯ, ಮಂಡ್ಯ

ಮರಿಗಳ ಸಾವನ್ನು ಕಾಗೆ ಹದ್ದುಗಳ ಮೇಲೆ ಹೊರಿಸುವುದು ಸುಲಭ. ನಾನು ಕಂಡಂತೆ ಊರಿಗೆ ಊರೇ ಕೋಳಿ ಕಳೆದುಕೊಳ್ಳುವುದು ಕೊಕ್ಕರೆ ರೋಗದಿಂದ. ಇದನ್ನೇ ಪುಸ್ತಕಗಳಲ್ಲಿ ರಾಣಿಖೇತ್ ರೋಗ ಎನ್ನುತ್ತಾರೆ. ಬೇಸಿಗೆ ಏರುತ್ತಿರುವಾಗ ಒಂದು ಮನೆಯಲ್ಲಿ ಕೋಳಿ ತೂಕಡಿಸಲು ಆರಂಭಿಸುತ್ತದೆ, ಹಸಿರು ಬಿಳಿ ಬೆರೆತ ಭೇದಿಯಾಗುತ್ತದೆ, ಬಾಯಿ ತೆರೆದು ಉಸಿರೆಳೆಯುತ್ತದೆ, ಬದುಕುಳಿದವು ಕತ್ತು ತಿರುಚಿಕೊಂಡು ಸುತ್ತುತ್ತವೆ. ವಾರದೊಳಗೆ ಬೀದಿ ಖಾಲಿ. ಇದಕ್ಕೆ ಚಿಕಿತ್ಸೆ ಇಲ್ಲ, ಲಸಿಕೆ ಮಾತ್ರ ಇದೆ. ರೋಗ ಕಂಡ ಕೂಡಲೇ ಉಳಿದವನ್ನು ಮೂಟೆ ಕಟ್ಟಿ ಸಂತೆಗೆ ಒಯ್ಯುವ ಪದ್ಧತಿಯೇ ಅದನ್ನು ತಾಲ್ಲೂಕಿನಾದ್ಯಂತ ಹರಡುವುದು. ಅಕ್ಕನವರು ಸಂತೆಯಲ್ಲಿ ಕೊಳ್ಳಬೇಡಿ ಎಂದದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ; ಎಲ್ಲಿಂದ ತಂದರೂ ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆಯೇ ಇಡಬೇಕು.

ಲಸಿಕೆಯ ಕ್ರಮ ಕಷ್ಟದ್ದೇನಲ್ಲ. ಮರಿಗೆ ಐದರಿಂದ ಏಳು ದಿನವಾದಾಗ ಕೊಕ್ಕರೆ ರೋಗದ ವಿರುದ್ಧ ಎಫ್‌1 ಅಥವಾ ಲಸೋಟ ಲಸಿಕೆಯ ಒಂದು ಹನಿ ಕಣ್ಣಿಗೋ ಮೂಗಿಗೋ; ಎರಡನೆಯ ವಾರದ ಕೊನೆಗೆ ಗಂಬೋರೊ ಎಂಬ ಇನ್ನೊಂದು ರೋಗದ ಲಸಿಕೆ; ನಾಲ್ಕನೆಯ ವಾರ ಮತ್ತೊಮ್ಮೆ ಲಸೋಟ; ಆರು ಏಳನೆಯ ವಾರಕ್ಕೆ ಸಿಡುಬಿನ ಲಸಿಕೆ; ಎಂಟರಿಂದ ಹತ್ತು ವಾರದೊಳಗೆ ಮತ್ತೆ ಕೊಕ್ಕರೆ ರೋಗಕ್ಕೇ ಆರ್‌2ಬಿ ಚುಚ್ಚುಮದ್ದು. ಆರ್‌2ಬಿ ಸ್ವಲ್ಪ ಬಿರುಸಿನ ಲಸಿಕೆಯಾದ್ದರಿಂದ ಎಳೆಯ ಮರಿಗೆ ಕೊಡಬಾರದು. ಮಾರೆಕ್ಸ್ ಎಂಬ ರೋಗದ ಲಸಿಕೆಯನ್ನು ಮರಿ ಕೇಂದ್ರದಲ್ಲಿಯೇ ಮೊದಲ ದಿನ ಹಾಕಿರುತ್ತಾರೆ. ಕೊಳ್ಳುವಾಗ ಕೇಳಿ ಖಚಿತಪಡಿಸಿಕೊಳ್ಳಿ. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿ ತರಬೇಕು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದದ್ದು ಬರೀ ನೀರು.

ಮಳೆಗಾಲದಲ್ಲಿ ಒದ್ದೆ ನೆಲದಿಂದ ಮರಿಗಳಿಗೆ ರಕ್ತಭೇದಿ ಬರುತ್ತದೆ. ಭತ್ತದ ಹೊಟ್ಟನ್ನು ಎರಡು ಮೂರು ಅಂಗುಲ ಹರಡಿ, ಒದ್ದೆಯಾದ ಭಾಗವನ್ನು ಆಗಾಗ ಬದಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಬಿಟ್ಟು ಸಾಕುವವರಿಗೆ ಹಕ್ಕಿ ಜ್ವರದ ಎಚ್ಚರವೂ ಇರಬೇಕು. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಅದು ಕಾಣಿಸಿಕೊಂಡಾಗ ಸುತ್ತಲಿನ ಕೋಳಿಗಳನ್ನು ನಾಶಪಡಿಸಬೇಕಾಯಿತು. ಕೆರೆಗೆ ವಲಸೆ ಬರುವ ನೀರುಹಕ್ಕಿಗಳೊಂದಿಗೆ ಮನೆಯ ಕೋಳಿಗಳ ಸಂಪರ್ಕ ಕಡಿಮೆ ಇರಲಿ. ನೀರು ಮೇವಿನ ತಟ್ಟೆಗಳನ್ನು ಸೂರಿನ ಕೆಳಗೇ ಇಡಿ, ಮತ್ತು ಒಮ್ಮೆಲೇ ಹಲವು ಹಕ್ಕಿಗಳು ಸತ್ತರೆ ಹೂತುಹಾಕಿ ಸುಮ್ಮನಾಗದೆ ಪಶು ಆಸ್ಪತ್ರೆಗೆ ತಿಳಿಸಿ.

ಪಾಂಡವಪುರದ ತೋಟದವ

ಎಲ್ಲರಿಗೂ ಕೃತಜ್ಞತೆಗಳು. ಇನ್ನೂರರ ಆಸೆಯನ್ನು ಬದಿಗಿಟ್ಟಿದ್ದೇನೆ. ಮೂರು ಸಂದೇಹಗಳಿವೆ. ಮನೆಯಲ್ಲಿ ರಾಗಿ ಇರುವಾಗ ಮೇವಿಗೆ ಅದನ್ನೇ ಹಾಕಬಹುದಲ್ಲವೇ? ಕಬ್ಬಿನ ಗದ್ದೆ ಪಕ್ಕದಲ್ಲೇ ಇರುವುದರಿಂದ ಮುಂಗುಸಿ, ಕಾಡುಬೆಕ್ಕಿನ ಕಾಟ ಹೆಚ್ಚು, ಚಿರತೆಯ ಸುದ್ದಿಯೂ ಆಗಾಗ ಕೇಳಿಬರುತ್ತದೆ, ಗೂಡು ಹೇಗಿರಬೇಕು? ತೆಂಗಿಗೆ ಪ್ರಯೋಜನವಿದೆಯೇ ಎಂದು ಕೇಳಿದ್ದೆ, ಅದಕ್ಕೆ ಉತ್ತರ ಬಂದಿಲ್ಲ.

ನಂಜನಗೂಡಿನ ಕೃಷಿಕ

ರಾಗಿಯ ಪ್ರಶ್ನೆಗೆ ನನ್ನ ಉತ್ತರ: ಕಣದಲ್ಲಿ ಚೆಲ್ಲಿದ್ದು, ಜರಡಿಯಲ್ಲಿ ಉಳಿದದ್ದು ಕೋಳಿಗೆ, ಒಳ್ಳೆಯ ರಾಗಿ ಮಾರಾಟಕ್ಕೆ. 2025-26ರ ಬೆಂಬಲ ಬೆಲೆ ನೋಡಿ. ರಾಗಿ ಕ್ವಿಂಟಲ್‌ಗೆ 4,886 ರೂಪಾಯಿ, ಮುಸುಕಿನ ಜೋಳ 2,400. ಒಂದು ಕಿಲೋ ರಾಗಿಯ ಬೆಲೆಗೆ ಎರಡು ಕಿಲೋ ಜೋಳ ಬರುತ್ತದೆ, ಜೋಳದಲ್ಲಿ ಕಸುವೂ ಸಸಾರಜನಕವೂ ರಾಗಿಗಿಂತ ಕಡಿಮೆಯೇನಿಲ್ಲ. ರಾಗಿಯಲ್ಲಿ ಸುಣ್ಣದ ಅಂಶ ಹೆಚ್ಚು, ಆದ್ದರಿಂದ ಮೊಟ್ಟೆಯ ಚಿಪ್ಪು ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಧಾನ್ಯಗಳ ನಡುವೆ ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚೆಂಬುದು ನಿಜ, ಆದರೆ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 0.34 ಗ್ರಾಂ. ಒಂದು ಮೊಟ್ಟೆಯ ಚಿಪ್ಪಿಗೆ ಬೇಕಾದದ್ದು 2 ಗ್ರಾಂ. ಅರ್ಧ ಕಿಲೋಗೂ ಹೆಚ್ಚು ರಾಗಿ ತಿಂದು ಒಂದು ಮೊಟ್ಟೆಯಿಡುವ ಕೋಳಿಯನ್ನು ಯಾರೂ ಸಾಕಲಾರರು. ಒಣಗಿಸಿ ಪುಡಿ ಮಾಡಿದ ಮೊಟ್ಟೆಯ ಚಿಪ್ಪನ್ನೋ ಕಪ್ಪೆಚಿಪ್ಪಿನ ಪುಡಿಯನ್ನೋ ಒಂದು ಮಡಕೆಯ ಚೂರಿನಲ್ಲಿ ಬೇರೆಯಾಗಿ ಇಟ್ಟುಬಿಡಿ. ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ತಿನ್ನುತ್ತದೆ.

ಬಿಟ್ಟು ಸಾಕಿದ ಕೋಳಿಗೆ ಬಯಲಿನಲ್ಲಿ ಕೊರತೆಯಾಗುವುದು ಹೆಚ್ಚಾಗಿ ಕಾಳಲ್ಲ, ಸಸಾರಜನಕ. ಅದರಲ್ಲಿಯೂ ಹುಳುಗಳು ಕಡಿಮೆಯಾಗುವ ಬೇಸಿಗೆಯಲ್ಲಿ. ಸಗಣಿಯನ್ನು ಒದ್ದೆ ಗೋಣಿಚೀಲದ ಕೆಳಗೆ ನೆರಳಿನಲ್ಲಿಟ್ಟರೆ ಕೆಲವು ದಿನಗಳಲ್ಲಿ ಗೆದ್ದಲು ಕೂಡುತ್ತದೆ. ತೊಟ್ಟಿಯ ನೀರಿನಲ್ಲಿ ಅಜೋಲಾ ಎಂಬ ತೇಲುವ ಪುಟ್ಟ ಸಸ್ಯವನ್ನು ಬೆಳೆಸಿ ಹಾಕಬಹುದು. ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಹುಳುವನ್ನು ಒಣಗಿಸಿ ಹಾಕುವವರೂ ನಮ್ಮ ಕಡೆ ಇದ್ದಾರೆ. ಒಳ್ಳೆಯ ಸತ್ವ, ಆದರೆ ಸರಿಯಾಗಿ ಒಣಗದಿದ್ದರೆ ಮುಗ್ಗಿ, ಅದರ ವಾಸನೆ ಮೊಟ್ಟೆಗೂ ಬರುತ್ತದೆ.

ಗೂಡನ್ನು ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಕಟ್ಟಿ. ಕೋಳಿ ಬಲೆ ಎಂದು ಅಂಗಡಿಯಲ್ಲಿ ಕೊಡುವ ತೆಳು ಷಟ್ಕೋನದ ಬಲೆ ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ನಾಯಿಯನ್ನೂ ಮುಂಗುಸಿಯನ್ನೂ ಹೊರಗೆ ತಡೆಯುವುದಿಲ್ಲ. ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್, ಎಂದರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಬಲೆ ಹಾಕಿಸಿ. ದೊಡ್ಡ ಕೋಳಿಯೊಂದಕ್ಕೆ ಎರಡು ಚದರಡಿಯಷ್ಟು ಜಾಗ, ಕೂರಲು ಬಿದಿರಿನ ಗಳ. ಚಿರತೆಗೆ ಕೋಳಿಗಿಂತ ನಾಯಿಯ ಆಸೆಯೇ ಹೆಚ್ಚು. ಹಾಗಾಗಿ ಕಾವಲಿಗೆಂದು ನಾಯಿಯನ್ನು ಗೂಡಿನ ಪಕ್ಕ ಬಯಲಿನಲ್ಲಿ ಕಟ್ಟುವುದು ಕಬ್ಬಿನ ಸೀಮೆಯಲ್ಲಿ ಜಾಣತನವಲ್ಲ. ಕಬ್ಬಿನ ಕಡೆಗೆ ಮಾತ್ರ ಐದಡಿ ಎತ್ತರದ ಬಲೆ ಕಟ್ಟಿಬಿಡಿ. ಹೇಂಟೆ ಕಬ್ಬಿನೊಳಗೆ ಹೊಕ್ಕು ಮೊಟ್ಟೆಯಿಡಲು ಕಲಿತರೆ ಆ ಮೊಟ್ಟೆ ಹಾವಿಗೋ ಉಡಕ್ಕೋ ಸೇರಿದ ಹಾಗೆಯೇ.

ತೆಂಗಿಗೆ ಖಂಡಿತ ಪ್ರಯೋಜನವಿದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ಕೀಟ ಮರಿ ಮಾಡುವುದು ತಿಪ್ಪೆಯಲ್ಲಿ. ಗೊಬ್ಬರ ಹೊಡೆಯಲು ತಿಪ್ಪೆ ಕೆದಕುವ ದಿನ ಕೋಳಿಗಳನ್ನು ಅಲ್ಲಿಗೆ ಬಿಟ್ಟು ನೋಡಿ. ಬೆರಳು ಗಾತ್ರದ ಬಿಳಿ ಹುಳುಗಳನ್ನು ಒಂದೂ ಬಿಡದೆ ಎತ್ತುತ್ತವೆ. ಉಳುಮೆ ಮಾಡುವಾಗ ಮೇಲೆ ಬರುವ ಗೊಣ್ಣೆಹುಳುವಿಗೂ ಅದೇ ಗತಿ. ಹಿಕ್ಕೆಯಲ್ಲಿ ಸಾರಜನಕ ಸಗಣಿಗಿಂತ ಬಹಳ ಹೆಚ್ಚಾದ್ದರಿಂದ ಹಸಿಯಾಗಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಹೊಟ್ಟಿನ ಜೊತೆ ಕೊಳೆಸಿ ಹಾಕಿ. ಲೆಕ್ಕದ ಸರ್ ಅವರ ಪಟ್ಟಿಯಲ್ಲಿ ಈ ಗೊಬ್ಬರಕ್ಕೆ ಬೆಲೆ ಕಟ್ಟಿಲ್ಲವೆಂಬುದನ್ನು ಗಮನಿಸಿದೆ.

ಎಲ್ಲಕ್ಕಿಂತ ಮೊದಲು ಪಕ್ಕದ ಜಮೀನಿನವರ ಜೊತೆ ಮಾತನಾಡಿ. ಭತ್ತದ ಒಟ್ಲು ಹಾಕಿದಾಗ, ರಾಗಿ ಬಿತ್ತಿದ ಮೊದಲ ಎರಡು ವಾರ, ಸೊಪ್ಪಿನ ಮಡಿ ಇರುವಾಗ ಕೋಳಿ ಬೇಲಿ ದಾಟಿದರೆ ಜಗಳ ನಿಶ್ಚಿತ. ಅವರು ಔಷಧಿ ಹೊಡೆಯುವ ದಿನವನ್ನು ಮುಂಚಿತವಾಗಿ ತಿಳಿಸುವಂತೆ ಕೇಳಿಕೊಳ್ಳಿ. ಔಷಧಿ ಲೇಪಿಸಿದ ಬಿತ್ತನೆ ಬೀಜ ಮತ್ತು ಸತ್ತು ಬಿದ್ದ ಹುಳು ತಿಂದು ಕೋಳಿ ಸಾಯುವುದು ಅಪರೂಪವಲ್ಲ.

ಲೆಕ್ಕ ಬರೆಯುವವ, ಮೈಸೂರು

ಗೊಬ್ಬರದ ಮಾತನ್ನು ಒಪ್ಪಿದೆ. ಹೊರಗೆ ಮಾರದೆ ಸ್ವಂತ ತೋಟಕ್ಕೇ ಹಾಕುವುದಾದರೆ ಅದು ಬೇರೆ ಗೊಬ್ಬರದ ಖರ್ಚು ಉಳಿಸಿದಷ್ಟರ ಮಟ್ಟಿಗೆ ಆದಾಯವೇ. ಇದೇ ಸಂದರ್ಭದಲ್ಲಿ ಜಾಗದ ವಿಷಯವನ್ನೂ ಹೇಳಿಬಿಡುತ್ತೇನೆ. ಯೂರೋಪಿನಲ್ಲಿ ಬಿಟ್ಟು ಸಾಕಿದ ಕೋಳಿಯ ಮೊಟ್ಟೆ ಎಂದು ಹೆಸರು ಹಾಕಿ ಮಾರಬೇಕಾದರೆ ಕೋಳಿಯೊಂದಕ್ಕೆ ಕನಿಷ್ಠ 4 ಚದರ ಮೀಟರ್ ಬಯಲು ಕೊಡಬೇಕು. ನಮ್ಮ ಲೆಕ್ಕಕ್ಕೆ ತಂದರೆ ಗುಂಟೆಗೆ 25 ಕೋಳಿ. ಆದರೆ ಅದು ಓಡಾಡಲು ಸಾಕಾಗುವ ಜಾಗ, ಹೊಟ್ಟೆ ತುಂಬಿಸುವ ಜಾಗವಲ್ಲ. ಅಲ್ಲಿ ಮೇವನ್ನೆಲ್ಲ ಕೊಂಡೇ ಹಾಕುತ್ತಾರೆ. ವಿಡಿಯೊಗಳಲ್ಲಿ ಎಕರೆಗೆ ಸಾವಿರ ಕೋಳಿ ಎಂದು ಹೇಳುವವರು ಈ ಎರಡನ್ನೂ ಒಂದೇ ಎಂಬಂತೆ ತೋರಿಸುತ್ತಾರೆ.

ಕುವೆಂಪುನಗರದ ಗ್ರಾಹಕಿ

ಕೊಳ್ಳುವವರ ಕಡೆಯಿಂದ ಒಂದೆರಡು ಮಾತು ಹೇಳಬಹುದೇ? ನಮ್ಮ ಬೀದಿಗೆ ನಾಟಿ ಮೊಟ್ಟೆ ತರುವವರು ಅದರಲ್ಲಿ ಎರಡರಷ್ಟು ಶಕ್ತಿಯಿದೆ, ಕಂದು ಚಿಪ್ಪೇ ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಗಾತ್ರದಲ್ಲಿ ಚಿಕ್ಕದಾದ ಮೊಟ್ಟೆಗೆ ಫಾರಂ ಮೊಟ್ಟೆಯ ಎರಡರಷ್ಟು ಬೆಲೆ ಕೊಡುವುದು ನ್ಯಾಯವೇ?

ನಿವೃತ್ತ ಪಶುವೈದ್ಯ, ಮಂಡ್ಯ

ಮೇಡಂ, ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ, ಪೌಷ್ಟಿಕಾಂಶಕ್ಕೂ ಅದಕ್ಕೂ ಸಂಬಂಧವಿಲ್ಲ. ಫಾರಂನಲ್ಲಿಯೂ ಕಂದು ಮೊಟ್ಟೆಯಿಡುವ ತಳಿಗಳಿವೆ. ನಾಟಿ ಮೊಟ್ಟೆ 40 ಗ್ರಾಂನ ಆಸುಪಾಸು, ಫಾರಂ ಮೊಟ್ಟೆ 55 ಗ್ರಾಂ. ಒಟ್ಟು ಸಸಾರಜನಕವನ್ನೇ ಎಣಿಸಿದರೆ ಫಾರಂ ಮೊಟ್ಟೆಯಲ್ಲೇ ಹೆಚ್ಚು. ಹಸಿರು ಹುಲ್ಲು, ಹುಳು ತಿಂದು ಬಿಸಿಲಿನಲ್ಲಿ ತಿರುಗಿದ ಕೋಳಿಯ ಮೊಟ್ಟೆಯಲ್ಲಿ ವಿಟಮಿನ್ ಡಿ ಮತ್ತು ಒಮೆಗಾ-3 ಕೊಬ್ಬು ಹೆಚ್ಚಿರುವುದುಂಟು, ಭಂಡಾರ, ಎಂದರೆ ಮೊಟ್ಟೆಯೊಳಗಿನ ಹಳದಿ ಭಾಗ, ಗಾಢವಾಗುವುದೂ ಹಸಿರಿನಿಂದಲೇ. ಅದು ಕೋಳಿ ತಿಂದದ್ದರ ಗುಣ. ನಾಟಿ ಕೋಳಿಯನ್ನೇ ಪಂಜರದಲ್ಲಿಟ್ಟು ಮೂಟೆಯ ಮೇವು ಹಾಕಿದರೆ ಆ ಗುಣ ಬರುವುದಿಲ್ಲ.

ಮಳವಳ್ಳಿ ಕಡೆಯ ಅಕ್ಕ

ಬೆಲೆಯ ನ್ಯಾಯದ ಬಗ್ಗೆ ನಾನು ಹೇಳುವುದಿಷ್ಟು. ಫಾರಂ ಮೊಟ್ಟೆಗೆ ಮೊಟ್ಟೆ ಸಮನ್ವಯ ಸಮಿತಿಯವರು ಮೈಸೂರಿಗೂ ದಿನದ ದರ ಪ್ರಕಟಿಸುತ್ತಾರೆ. ನಾಟಿ ಮೊಟ್ಟೆಗೆ ಅಂಥ ದರವೇ ಇಲ್ಲ. ವರ್ಷಕ್ಕೆ ಅರುವತ್ತು ಇಡುವ ಹೇಂಟೆಯ ಮೊಟ್ಟೆಯನ್ನು ಮುನ್ನೂರು ಇಡುವುದರ ಬೆಲೆಗೆ ಯಾರೂ ಕೊಡಲಾರರು. ಶಕ್ತಿಯ ಹೆಸರಿನಲ್ಲಿ ಸುಳ್ಳು ಹೇಳದೆ, ನಮ್ಮ ಕೋಳಿ ಹೀಗೆ ಬೆಳೆದಿದೆ, ಬೇಕಾದರೆ ಬಂದು ನೋಡಿ ಎಂದರೆ ಸಾಕು. ನಾನು ಮೊಟ್ಟೆಯನ್ನು ಊರಿನೊಳಗೇ ಬಾಣಂತಿಯರ ಮನೆಗೆ, ಮಕ್ಕಳಿರುವ ಮನೆಗೆ ಮಾರುತ್ತೇನೆ. ಪಟ್ಟಣಕ್ಕೆ ಹೊರುವುದಿಲ್ಲ. ದೊಡ್ಡ ಹಣ ಬರುವುದು ಕೋಳಿಯಿಂದ, ಅದೂ ಹಬ್ಬದ ದಿನಗಳಲ್ಲಿ.

ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ನಮ್ಮ ಸೀಮೆಯಲ್ಲಿ ನಾಟಿ ಕೋಳಿ ಸಿಕ್ಕುವುದೇ ಕಷ್ಟ. ಪಿತೃಪಕ್ಷದಲ್ಲಿ ಎಡೆಗೆ, ಊರ ಮಾರಿಹಬ್ಬಕ್ಕೆ, ಹರಕೆಗೆ ಹುಂಜ ಬೇಕೇಬೇಕು. ಶ್ರಾವಣ, ಧನುರ್ಮಾಸಗಳಲ್ಲಿ ಕೇಳುವವರಿಲ್ಲ. ಐದು ತಿಂಗಳು ಹಿಂದಕ್ಕೆ ಎಣಿಸಿ ಕಾವು ಕೂರಿಸಬೇಕು. ಹೊಸತೊಡಕಿನ ಕೋಳಿ ಅಕ್ಟೋಬರ್ ಕೊನೆಯೊಳಗೆ ಮೊಟ್ಟೆ ಒಡೆದಿರಬೇಕು. ಆ ಮರಿಗಳಿಗೆ ಮಳೆಯ ಕಾಟವೂ ಕಡಿಮೆ. ಪಿತೃಪಕ್ಷಕ್ಕೆ ಬೇಕಾದ್ದನ್ನು ಏಪ್ರಿಲ್‌ನಲ್ಲಿ ಒಡೆಸಬೇಕು. ಆಗ ಬಿಸಿಲೂ ಹೆಚ್ಚು, ಡಾಕ್ಟರು ಹೇಳಿದ ಕೊಕ್ಕರೆ ರೋಗದ ಕಾಲವೂ ಹೌದು, ಆದ್ದರಿಂದ ಲಸಿಕೆ ಹಾಕಿಸದೆ ಆ ಸಾಹಸಕ್ಕೆ ಹೋಗಬೇಡಿ.

ಹುಣಸೂರು ರಸ್ತೆಯ ಗಿರಿರಾಜದವರು

ಇತ್ತೀಚೆಗೆ ಕಡಕ್‌ನಾಥ್ ಮರಿ ಕೊಟ್ಟು, ಬೆಳೆದ ಕೋಳಿಯನ್ನು ತಾವೇ ಹೆಚ್ಚಿನ ಬೆಲೆಗೆ ವಾಪಸು ಕೊಳ್ಳುತ್ತೇವೆ ಎಂದು ಹೇಳುವವರು ನಮ್ಮ ಕಡೆ ಓಡಾಡುತ್ತಿದ್ದಾರೆ. ಈ ಬಗ್ಗೆ ಹಿರಿಯರ ಅಭಿಪ್ರಾಯವೇನು?

ಲೆಕ್ಕ ಬರೆಯುವವ, ಮೈಸೂರು

ಕಡಕ್‌ನಾಥ್ ಒಳ್ಳೆಯ ತಳಿಯೇ. ಮಧ್ಯಪ್ರದೇಶದ ಝಾಬುವಾದ ಈ ಕಪ್ಪು ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ತೊಂದರೆ ಕೋಳಿಯಲ್ಲಿಲ್ಲ, ವಾಪಸು ಕೊಳ್ಳುವ ಮಾತಿನಲ್ಲಿದೆ. 2012ರಲ್ಲಿ ತಮಿಳುನಾಡಿನ ಪೆರುಂದುರೈ ಸುತ್ತಮುತ್ತ ಎಮು ಎಂಬ ದೊಡ್ಡ ಹಕ್ಕಿಯನ್ನು ಸಾಕಿಸುತ್ತಿದ್ದ ಇಂಥದೇ ಯೋಜನೆಗಳು ಕುಸಿದುಬಿದ್ದಾಗ ಸಾವಿರಾರು ಜನರ ಠೇವಣಿ ಹೋಯಿತು, ಹಕ್ಕಿಗಳಿಗೆ ಮೇವು ಹಾಕುವವರೂ ಇಲ್ಲವಾದರು. ಮರಿಯನ್ನು ದುಬಾರಿ ಬೆಲೆಗೆ ಮಾರುವವನಿಗೆ ಲಾಭ ಆ ದಿನವೇ ಕೈಸೇರಿರುತ್ತದೆ. ಅವನು ಮುಂದಿನ ವರ್ಷ ಬಂದು ಕೋಳಿ ಕೊಳ್ಳಬೇಕಾದ ಅಗತ್ಯವೇನಿದೆ? ನಿಮ್ಮ ಊರಿನ ಹತ್ತು ಮನೆಯವರು ಕೊಂಡು ತಿನ್ನದ ಕೋಳಿಯನ್ನು ಸಾಕಬೇಡಿ ಎಂಬುದೇ ನನ್ನ ಸಲಹೆ.

ಪಾಂಡವಪುರದ ತೋಟದವ

ತಾಯಿಯವರು ಇದನ್ನೆಲ್ಲ ಓದಿಸಿಕೊಂಡು ಕೇಳಿ, ಹತ್ತು ಹೇಂಟೆಗಳಿಗೆ ಒಪ್ಪಿದ್ದಾರೆ. ಮೊಟ್ಟೆಯ ಹಣ ತಮಗೇ ಸೇರಬೇಕೆಂಬ ಷರತ್ತನ್ನೂ ಹಾಕಿದ್ದಾರೆ. ಗೂಡಿಗೂ ಮರಿಗಳ ಬಲೆಗೂ ಹೇಳಿದ್ದೇನೆ. ಆದರೆ ಲಸಿಕೆ ಕೇಳಲು ಹೋದಾಗ ನೂರು ಕೋಳಿಗಾಗುವ ಸೀಸೆಯೇ ಬರುವುದು, ತೆರೆದರೆ ಇಟ್ಟುಕೊಳ್ಳಲಾಗದು ಎಂದರು. ಹನ್ನೆರಡು ಕೋಳಿಗೆ ಅದನ್ನು ಕೊಳ್ಳುವುದು ಹೇಗೆ?

ನಿವೃತ್ತ ಪಶುವೈದ್ಯ, ಮಂಡ್ಯ

ಸಣ್ಣ ಸಾಕಣೆದಾರರು ಲಸಿಕೆ ಬಿಡುವುದು ಇದೇ ಕಾರಣಕ್ಕೆ. ಕದಡಿದ ಲಸಿಕೆ ಒಂದೆರಡು ಗಂಟೆಯೊಳಗೆ ಮುಗಿಯಬೇಕೆಂಬುದು ನಿಜ. ಸೀಸೆಯ ಬೆಲೆ ಹೆಚ್ಚೇನಲ್ಲ, ಅಕ್ಕಪಕ್ಕದ ಏಳೆಂಟು ಮನೆಯವರು ಸೇರಿದರೆ ಕೋಳಿಗೆ ಕೆಲವೇ ರೂಪಾಯಿ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಹನ್ನೆರಡಕ್ಕೆ ಮಾತ್ರ ಹಾಕಿಸಿ ಬೀದಿಯ ಉಳಿದ ಎಂಬತ್ತನ್ನು ಬಿಟ್ಟರೆ ರೋಗ ಊರಿನಲ್ಲಿ ಉಳಿದೇ ಇರುತ್ತದೆ, ನಿಮ್ಮ ಎಳೆ ಮರಿಗಳಿಗೆ ಅಲ್ಲಿಂದಲೇ ಬರುತ್ತದೆ. ಸ್ತ್ರೀಶಕ್ತಿ ಸಂಘದವರನ್ನು ಕೇಳಿ ಒಂದು ದಿನ ಗೊತ್ತುಮಾಡಿ, ಪಶು ಆಸ್ಪತ್ರೆಗೆ ಒಂದು ವಾರ ಮೊದಲೇ ತಿಳಿಸಿ. ಆರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು.

ಮಳವಳ್ಳಿ ಕಡೆಯ ಅಕ್ಕ

ನಮ್ಮ ಊರಿನಲ್ಲಿ ಹೀಗೆಯೇ ಮಾಡುತ್ತೇವೆ. ಎಲ್ಲರಿಗೂ ಹಿಂದಿನ ಸಂಜೆಯೇ ಹೇಳಿ, ಕೋಳಿಗಳನ್ನು ಮಂಕರಿಯಲ್ಲೋ ಗೂಡಿನಲ್ಲೋ ಕವುಚಿಟ್ಟುಕೊಂಡಿರಲಿ. ಬೆಳಗಿನ ಜಾವ ಬಾಗಿಲು ತೆಗೆಯುವ ಮೊದಲೇ ಚುಚ್ಚಿಸಿಬಿಡಿ. ಏಳು ಗಂಟೆಗೆ ಬರುತ್ತೇವೆ ಎಂದವರನ್ನು ನಂಬಿ ಕೋಳಿ ಹೊರಗೆ ಬಿಟ್ಟರೆ ಸೀಸೆ ಕೈಯಲ್ಲಿ ಹಿಡಿದು ಡಾಕ್ಟರು ತೋಟವೆಲ್ಲ ಓಡಬೇಕಾಗುತ್ತದೆ.